ಹೂಸಾಲಿಗೆ ಹಿಂದಿರುಗಿದ ಮಗ್ಗ

ಅತ್ತೆ ಸೊಸೆಯನ್ನು ಹೊಗಳಿದ ದಿನ ಸೂರ್ಯ ದಿಕ್ಕು ತಪ್ಪುತ್ತಾನೆ ಎನ್ನುವವರಿದ್ದಾರೆ. ತಪ್ಪಲಿ. ನಾನಂತೂ ಹೊಗಳುವವಳೇ. ನನ್ನ ಸೊಸೆಯಂಥ ಸೊಸೆ ಏಳು ಸಮುದ್ರ ಸೋಸಿದರೂ ಸಿಗುವುದಿಲ್ಲ. ಸಿಕ್ಕರೂ ಆ ಸೊಸೆಗೆ ನನ್ನಂಥ ಅತ್ತೆ ಸಿಕ್ಕಿರುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ.

ನಾನು ಗಿರಣಿಯ ಕ್ಯಾಂಟೀನ್ ನಡೆಸುವವಳು. ನನ್ನ ಚಹಾದ ವಾಸನೆಗೆ ಹೆಣವೂ ಎದ್ದು ಕೂತು ಸಕ್ಕರೆ ಕಡಿಮೆ ಹಾಕಿ ಎನ್ನುತ್ತದೆ ಎಂದು ನಾನು ಹೇಳುವುದಿಲ್ಲ, ಕುಡಿದವರು ಹೇಳುತ್ತಾರೆ. ಸೊಸೆ ಅದೇ ಗಿರಣಿಯಲ್ಲಿ ಮಗ್ಗಕ್ಕೆ ಪ್ರೋಗ್ರಾಂ ಬರೆಯುವವಳು. ಮಗ್ಗವೆಂದರೆ ಅಂತಿಂಥ ಮಗ್ಗವಲ್ಲ. ಅದು ನಿಂತಿರುವ ಶೆಡ್ಡಿನ ಈ ತುದಿಯಲ್ಲಿ ಮಳೆ ಸುರಿಯುವಾಗ ಆ ತುದಿಯಲ್ಲಿ ಬಟ್ಟೆ ಒಣಹಾಕಬಹುದು. ಅದು ಓಡಲು ಶುರುವಾದರೆ ನನ್ನ ಲೋಟಗಳು ತಾವಾಗಿಯೇ ಮೇಜಿನ ತುದಿಗೆ ನಡೆದು ಹೋಗಿ ಗಿರಾಕಿಯ ಕೈಗೆ ಬೀಳುತ್ತವೆ.

ಆ ಮಗ್ಗಕ್ಕೆ ಒಂದು ಕೆಲಸ ಬಂತು. ಹೊಸ ರಂಗಮಂದಿರದ ವೇದಿಕೆಗೆ ಪರದೆ. ಕೆಂಪು ನೆಲ, ಬಂಗಾರದ ಬಣ್ಣದ ಹೂಗಳು, ವೇದಿಕೆಯ ಅಗಲಕ್ಕೆ ಅಗಲ, ಎತ್ತರಕ್ಕೆ ಎತ್ತರ, ಎಲ್ಲ ಒಂದೇ ತುಂಡು. ಎಲ್ಲಿಯೂ ಹೊಲಿಗೆ ಕಾಣಬಾರದು, ಜೋಡಣೆ ಇರಬಾರದು. ರಂಗಮಂದಿರದ ಹಿರಿಯರು, ಕಡ್ಡಿ ಕನ್ನಡಕದ ಒಬ್ಬ ಗೃಹಸ್ಥರು, ಬೆರಳೆತ್ತಿ ಹೇಳಿ ಹೋಗಿದ್ದರು: "ನೋಡಿ, ದೀಪ ಹಾಕಿದ ತಕ್ಷಣ ಜನ ಮೊದಲು ನೋಡೋದು ಪರದೇನ. ಅದರಲ್ಲೇ ತೇಪೆ ಇದ್ರೆ ಆಮೇಲೆ ರಾಜನ ವೇಷ ಹಾಕಿದವನನ್ನೂ ಯಾರೂ ನಂಬಲ್ಲ."

ಮೊದಲ ಪರದೆ ಮೊಣಕಾಲೆತ್ತರ ಬಂದಾಗ ಎಳೆ ಹರಿಯಿತು. ಎರಡನೆಯದು ಸೊಂಟದೆತ್ತರ ಬಂದಾಗ. ಮೂರನೆಯದು ಎದೆಯೆತ್ತರ ಬಂದು, ಇನ್ನೇನು ಗೆದ್ದೆವು ಎಂದು ಮೀಸೆ ಮೇಸ್ತ್ರಿ ಮೀಸೆಗೆ ಕೈ ಹಾಕುವ ಹೊತ್ತಿಗೆ ಹರಿಯಿತು. ಈ ಮೇಸ್ತ್ರಿ ಮಗ್ಗದ ಶೆಡ್ಡಿನ ಮುಖ್ಯಸ್ಥ. ಅವನ ಮೀಸೆ ಎಷ್ಟು ದೊಡ್ಡದೆಂದರೆ ಬಾಗಿಲಲ್ಲಿ ಮೊದಲು ಮೀಸೆ ಬರುತ್ತದೆ, ಅದು ಬಂದು ಕೂತ ಮೇಲೆ ಮೇಸ್ತ್ರಿ ಬರುತ್ತಾನೆ.

ಎಳೆ ಹರಿಯುವುದು ದೊಡ್ಡ ವಿಷಯವೇ ಅಲ್ಲ. ಮಗ್ಗ ಹುಟ್ಟಿದಾಗಿನಿಂದ ಎಳೆ ಹರಿಯುತ್ತಿದೆ, ಜನ ಗಂಟು ಹಾಕುತ್ತಿದ್ದಾರೆ. ಆದರೆ ಈ ಮಗ್ಗದ ಜೊತೆಗೇ ಬಂದಿದ್ದ ಹಳೆಯ ಪ್ರೋಗ್ರಾಂ ಒಂದು ಎಳೆ ಹರಿದರೆ ಇಡೀ ಪರದೆಯನ್ನೇ ಕೈಬಿಟ್ಟು, ಮತ್ತೆ ಮೊದಲ ಸಾಲಿನಿಂದ ಶುರು ಮಾಡುತ್ತಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ನೇಯ್ದದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಆ ಕತ್ತರಿಸಿದ ತುಂಡುಗಳಿಂದ ಗಿರಣಿಯ ಪ್ರತಿ ಕಿಟಕಿಗೂ ರಾಜಗಾಂಭೀರ್ಯ ಬಂದಿತ್ತು. ನನ್ನ ಕ್ಯಾಂಟೀನಿನ ಒಲೆ ಒರೆಸುವ ಬಟ್ಟೆಯ ಮೇಲೂ ಬಂಗಾರದ ಹೂವು.

ಗಿರಣಿಯ ಯಜಮಾನರು ಶೆಡ್ಡಿಗೆ ಬಂದು ಬೀಗದ ಕೈ ಗೊಂಚಲನ್ನು ಒಮ್ಮೆ ಕುಲುಕಿದರು. ಅವರು ಮಾತಿಗಿಂತ ಗೊಂಚಲಿನಲ್ಲೇ ಹೆಚ್ಚು ಮಾತಾಡುವವರು. ಅವತ್ತು ಬಾಯಲ್ಲೂ ಮಾತಾಡಿದರು. "ಇನ್ನೊಂದ್ ಸಲ ಪರದೆ ಕತ್ತರಿಸೋ ಹಾಗಾದ್ರೆ ಈ ಮಗ್ಗ ಗುಜರಿಗೆ ಹೋಗುತ್ತೆ. ಪ್ರೋಗ್ರಾಂ ಬರೆಯೋ ಕೆಲಸಾನೂ ಇಲ್ಲಿ ಇರಲ್ಲ ಮೇಡಂ. ಪರದೇನ ಬೇರೆ ಗಿರಣಿಯವರು ನೇಯ್ಲಿ."

"ಇನ್ನು ಕತ್ತರಿಸೋ ಹಾಗಾಗಲ್ಲ ಸಾರ್," ಎಂದಳು ನನ್ನ ಸೊಸೆ. "ನನಗೊಂದು ಅವಕಾಶ ಕೊಡಿ. ಹಳೇ ಪ್ರೋಗ್ರಾಂ ತೆಗೆದು ನಾನೇ ಬರೀತೀನಿ."

ಮೀಸೆ ಮೇಸ್ತ್ರಿ ಕೆಮ್ಮಿದ. ನಾನು ಅವನ ಲೋಟಕ್ಕೆ ಆ ದಿನ ಸಕ್ಕರೆ ಹಾಕಲಿಲ್ಲ.

ಸಂಜೆ ಕ್ಯಾಂಟೀನ್ ಖಾಲಿಯಾದಾಗ ಅವಳನ್ನು ಕೂರಿಸಿ ಕೇಳಿದೆ. "ಏನೇ ಅದು, ಎಳೆ ಹರಿದ್ರೆ ಮಗ್ಗಕ್ಕೆ ಯಾಕೆ ಅಷ್ಟು ಮರೆವು?"

"ಅತ್ತೆ, ನೀವು ಕತೆ ಹೇಳ್ತೀರಲ್ಲ, ಅದೂ ಹಾಗೇ."

"ಅಷ್ಟು ಚೆನ್ನಾಗಿದೆಯಾ?"

"ಅಷ್ಟು ಉದ್ದ ಇದೆ. ನೀವು ಹಾಲಿನವನ ವಿಷಯ ಶುರು ಮಾಡ್ತೀರಿ. ಅದನ್ನ ಅರ್ಧಕ್ಕೆ ನಿಲ್ಸಿ ಅವನ ಸೈಕಲ್ ವಿಷಯಕ್ಕೆ ಹೋಗ್ತೀರಿ. ಸೈಕಲ್ ಅರ್ಧಕ್ಕೆ ನಿಲ್ಸಿ, ಸೈಕಲ್ ಮಾರಿದವನ ನಾದಿನಿ ವಿಷಯ. ನಾದಿನಿ ಮುಗಿಯೋವರೆಗೂ ಹಾಲಿನವನೂ ಸೈಕಲ್ಲೂ ನಿಮ್ಮ ತಲೇಲಿ ಸಾಲಾಗಿ ಕಾಯ್ತಾ ಕೂತಿರ್ತಾರೆ. ನಾದಿನಿ ಮುಗಿದ್ರೆ ಸೈಕಲ್ಲಿಗೆ ಬರ್ತೀರಿ, ಸೈಕಲ್ ಮುಗಿದ್ರೆ ಹಾಲಿನವನಿಗೆ."

"ಬರದೇ ಏನು? ನನ್ನ ಕತೇಲಿ ಇವತ್ತಿನವರೆಗೂ ಯಾರೂ ಕಳೆದುಹೋಗಿಲ್ಲ."

"ಕೇಳೋರು ಕಳೆದುಹೋಗಿದಾರೆ. ಇರಲಿ. ನಾದಿನಿ ವಿಷಯ ಹೇಳ್ತಾ ಇರುವಾಗ ಯಾರೋ ಬಾಗಿಲು ತಟ್ತಾರೆ. ಎದ್ದು ಹೋಗಿ ಬಂದು ಕೂತ್ರೆ ಎಲ್ಲಿಂದ ಶುರು ಮಾಡ್ತೀರಿ?"

ನಾನು ಯೋಚಿಸಿದೆ. ಸುಳ್ಳು ಹೇಳುವ ಜಾಯಮಾನ ನನ್ನದಲ್ಲ. "ಹಾಲಿನವನಿಂದ."

"ಅದೇ ಈ ಮಗ್ಗದ ರೋಗ," ಎಂದು ಅವಳು ಚಹಾ ಹೀರಿದಳು.

ಆಮೇಲೆ ಅವಳು ಮೇಜಿನ ಮೇಲೆ ಲೋಟಗಳನ್ನು ಜೋಡಿಸಿ ತೋರಿಸಿದಳು. ದೊಡ್ಡ ಲೋಟ ಪರದೆ. ಅದು ತಾನೇ ನೇಯುವುದಿಲ್ಲ, ಒಂದು ಪಟ್ಟೆ ನೇಯ್ದು ಕೊಡು ಎಂದು ಪಟ್ಟೆಗೆ ಹೇಳಿ ಕಾಯುತ್ತದೆ. ಪಟ್ಟೆ ಹೂಸಾಲಿಗೆ ಹೇಳಿ ಕಾಯುತ್ತದೆ, ಹೂಸಾಲು ದಳಕ್ಕೆ ಹೇಳಿ ಕಾಯುತ್ತದೆ, ದಳ ಎಳೆಗೆ ಹೇಳುತ್ತದೆ, ಕೊನೆಗೆ ಲಾಳಿಯನ್ನು ಅತ್ತಿಂದಿತ್ತ ಓಡಿಸುವುದು ಆ ಎಳೆಯೇ. ಹೀಗೆ ಕೆಲಸ ಒಪ್ಪಿಸಿ ಕಾಯುವ ಒಬ್ಬೊಬ್ಬರಿಗೂ ಒಂದು ಫ್ರೇಮ್. ಫ್ರೇಮಿನೊಳಗೆ ಅವರವರ ನೆನಪು: ಎಲ್ಲಿಯವರೆಗೆ ಬಂದಿದ್ದೆ, ಕೈಯಲ್ಲಿ ಯಾವ ಬಣ್ಣ ಇತ್ತು, ಮುಂದೆ ಏನು ಬಾಕಿ. ಎಳೆ ಹರಿದಾಗ ಹಳೆಯ ಪ್ರೋಗ್ರಾಂ ಏನು ಮಾಡುತ್ತಿತ್ತು? ಎಳೆ "ಅಯ್ಯೋ" ಎಂದು ಎದ್ದು ಹೋಗುತ್ತಿತ್ತು. ಅದನ್ನು ನೋಡಿ ದಳ ಎದ್ದು ಹೋಗುತ್ತಿತ್ತು, ಹೂಸಾಲೂ ಪಟ್ಟೆಯೂ ಅದರ ಹಿಂದೆ. ಕೊನೆಗೆ ಪರದೆಯೇ ಎದ್ದು ಹೋದರೆ ಕೂತ ಜಾಗದ ನೆನಪು ಯಾರಿಗಿರುತ್ತದೆ?

"ಎಲ್ರೂ ಎದ್ದು ಹೋಗ್ಬೇಕಾಗಿಲ್ಲ ಅತ್ತೆ. ಹೋಗೋದಕ್ಕೆ ಮುಂಚೆ ಕೆಳಗಿಂದ ಒಬ್ಬೊಬ್ಬರನ್ನೇ ಕೇಳ್ಬೇಕು, ಇದನ್ನ ನೀನು ಸರಿ ಮಾಡ್ತೀಯಾ ಅಂತ. ಆಗಲ್ಲ ಅಂದ್ರೆ ಅವರ ಮೇಲಿನವರನ್ನ ಕೇಳ್ಬೇಕು. ಯಾರು ಹೂಂ ಅಂತಾರೋ ಅವರ ಕೆಳಗಿನವರು ಮಾತ್ರ ಹೋಗ್ಲಿ. ಹೂಂ ಅಂದವರಿಂದ ಕೆಲಸ ಮತ್ತೆ ಶುರು. ಮೇಲಿನವರಿಗೆ ಏನಾಯ್ತು ಅಂತಾನೂ ಗೊತ್ತಾಗಲ್ಲ."

ಇಷ್ಟನ್ನು ಅರ್ಥ ಮಾಡಿಕೊಳ್ಳಲು ಬೇರೆಯವರಿಗೆ ಕಾಲೇಜು ಬೇಕಾಗುತ್ತದೆ. ನನಗೆ ನಾಲ್ಕಾರು ಲೋಟ ಸಾಕಾಯಿತು.

ಅವಳು ಬರೆದಳು. ಹೇಗೆ ಬರೆದಳೆಂದರೆ, ಕೀಲಿಮಣೆಯ ಮೇಲಿನ ಅಕ್ಷರಗಳು ಸವೆದು ಬೆಂಕಿಕಡ್ಡಿ ಗೀಚಿದ ಹಾಗೆ ಹೊಗೆ ಬಂತು. ಬಸ್ಸು ಓಡಿಸುವ ನನ್ನ ಮಗ ಊಟದ ತಟ್ಟೆ ಹಿಡಿದು ಅವಳ ಹಿಂದೆ ಓಡಾಡುತ್ತಿದ್ದ. ಅವನ ಬಸ್ಸು ಒಮ್ಮೆಯೂ ತಡವಾಗಿಲ್ಲ, ಆದರೆ ಅವಳ ಬಾಯಿಗೆ ತುತ್ತು ಹೊತ್ತಿಗೆ ಸರಿಯಾಗಿ ಸೇರಿದ್ದೇ ಇಲ್ಲ.

ಪರೀಕ್ಷೆಗೆ ಒಂದು ಸಣ್ಣ ಬಟ್ಟೆ ಹಾಕಿದರು. ಮಗ್ಗ ಒಂದು ಹೂಸಾಲಿನ ಮಧ್ಯದಲ್ಲಿರುವಾಗ ಮೀಸೆ ಮೇಸ್ತ್ರಿ ಕತ್ತರಿ ಹಿಡಿದು ತಾನಾಗಿಯೇ ಒಂದು ಎಳೆ ಕತ್ತರಿಸಿದ. ಅಷ್ಟು ಸಂತೋಷದಿಂದ ಕತ್ತರಿ ಹಿಡಿದವರನ್ನು ನಾನು ಕ್ಷೌರದಂಗಡಿಯಲ್ಲೂ ಕಂಡಿಲ್ಲ. ಮಗ್ಗ ನಿಂತಿತು. ಪರದೆಯ ಮೇಲೆ, ಅಂದರೆ ಕಂಪ್ಯೂಟರಿನ ಪರದೆಯ ಮೇಲೆ, ಸೊಸೆ ಕನ್ನಡದಲ್ಲೇ ಬರೆದಿಟ್ಟಿದ್ದ ಸಾಲುಗಳು ಮೂಡಿದವು. "ದಳ: ನನ್ನಿಂದಾಗದು. ಹೂಸಾಲು: ನಾನು ನೋಡಿಕೊಳ್ಳುತ್ತೇನೆ." ಮೇಸ್ತ್ರಿ ಗಂಟು ಹಾಕಿದ. ಮಗ್ಗ ಮತ್ತೆ ಓಡಿತು. ನಾನು ಚಪ್ಪಾಳೆ ತಟ್ಟಿದೆ.

ಬೇಗ ತಟ್ಟಿದೆ. ಬಟ್ಟೆ ಮುಂದೆ ಸರಿದಾಗ ಎಲ್ಲರಿಗೂ ಕಂಡದ್ದು ಅರ್ಧ ಹೂವಿನ ನೆತ್ತಿಯ ಮೇಲೆ ಕೂತ ಇನ್ನೊಂದು ಇಡೀ ಹೂವು.

"ಎರಡು ತಲೆ!" ಎಂದ ಮೇಸ್ತ್ರಿ, ಹೊಟ್ಟೆ ಹಿಡಿದುಕೊಂಡು. "ಮೇಡಂ, ಈ ಹೂವಿಗೆ ಜಡೆ ಹಾಕ್ಬೇಕಾದ್ರೆ ಎರಡು ರಿಬ್ಬನ್ ಬೇಕು!"

ಶೆಡ್ಡೆಲ್ಲ ನಕ್ಕಿತು. ಮಗ್ಗದ ಪಕ್ಕದ ಎಣ್ಣೆ ಡಬ್ಬವೂ ನಕ್ಕ ಹಾಗಿತ್ತು. ಯಜಮಾನರು ನಗಲಿಲ್ಲ. ಗೊಂಚಲನ್ನು ಜೇಬಿಗೆ ಹಾಕಿಕೊಂಡರು. ಅದು ಇನ್ನೂ ಕೆಟ್ಟ ಸೂಚನೆ. "ಇದನ್ನ ಸರಿ ಮಾಡಿ. ಪರದೆ ಶುರು ಮಾಡೋಣ. ಪರದೇಲಿ ಹೀಗಾದ್ರೆ ನಾನು ಹೇಳಿದ್ದು ಹೇಳಿದ್ದೇ," ಎಂದು ಹೊರಟುಹೋದರು.

ರಜೆಯ ಬೆಳಿಗ್ಗೆ ಅವಳು ಅಡುಗೆಮನೆಯ ನೆಲದ ಮೇಲೆ ಆ ಎರಡು ತಲೆಯ ಬಟ್ಟೆ ಹರವಿಕೊಂಡು ಕೂತಿದ್ದಳು. ಅವಳ ಕತ್ತು ಬಾಗಿತ್ತು. ನಾನು ಮರುಕ ತೋರಿಸಿಕೊಳ್ಳುವವಳಲ್ಲ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆದೆ.

"ಪ್ರೋಗ್ರಾಂ ಹೂಸಾಲಿಗೆ ವಾಪಸ್ ಬಂತು ಅತ್ತೆ," ಎಂದಳು ನಿಧಾನವಾಗಿ. "ಸರಿಯಾದ ಜಾಗಕ್ಕೇ ಬಂತು. ಆದ್ರೆ ಬಟ್ಟೆ ಬರಲಿಲ್ಲ. ಬಟ್ಟೆ ಇದ್ದಲ್ಲೇ ಇತ್ತು. ಇದಕ್ಕೆ ನೆನಪು ಹಿಂದೆ ಹೋದ್ರೆ ಸಾಲದು."

ಆಗ ನಾನು ಹೇಳಿದೆ, "ಹಾಗಾದ್ರೆ ಬಟ್ಟೇನೂ ಹಿಂದಕ್ಕೆ ಕರ್ಕೊಂಡು ಬಾರೇ." ನಾನು ಹೀಗೆ ಹೇಳಿದೆನೆಂದು ನನಗೆ ಖಂಡಿತ ನೆನಪಿದೆ. ಚಹಾ ಆರಿಹೋಗ್ತಿದೆ ಕುಡಿ ಎಂದಷ್ಟೇ ಹೇಳಿದೆ ಎಂದು ನನ್ನ ಮಗ ಹೇಳುತ್ತಾನೆ. ಅವನು ಆ ಹೊತ್ತಿನಲ್ಲಿ ಹಲ್ಲುಜ್ಜುತ್ತಿದ್ದ, ಅವನ ಸಾಕ್ಷಿ ನಡೆಯುವುದಿಲ್ಲ.

ಏನೇ ಆಗಲಿ, ಅವಳು ತಟಕ್ಕನೆ ತಲೆ ಎತ್ತಿದಳು. "ಹೋಗೋರು ಸುಮ್ನೆ ಎದ್ದು ಹೋಗಬಾರದು. ತಾವು ನೇಯ್ದಿದ್ದನ್ನ ತಾವೇ ಬಿಚ್ಚಿಟ್ಟು ಹೋಗ್ಬೇಕು. ಕೊನೇಲಿ ಹಾಕಿದ ಎಳೆ ಮೊದಲು ಬಿಚ್ಚಬೇಕು, ಅದಕ್ಕೂ ಹಿಂದಿನದು ಆಮೇಲೆ. ಹೂಸಾಲು ಎದ್ದು ನಿಂತು ನೋಡಿದ್ರೆ ಎದುರಿಗೆ ಖಾಲಿ ಹಾಸು, ಬರೀ ಉದ್ದದ ಎಳೆಗಳು ಮಾತ್ರ ಇರ್ಬೇಕು, ತಾನು ಶುರು ಮಾಡಿದಾಗ ಹೇಗಿತ್ತೋ ಹಾಗೇ." ಹೇಳುತ್ತ ಹೇಳುತ್ತಲೇ ಅವಳು ಆ ಬಟ್ಟೆಯ ತುದಿಯ ಎಳೆಯನ್ನು ಹಿಡಿದು ಎಳೆದಳು. ಒಂದೊಂದೇ ಸಾಲು, ಮೇಲಿನ ತಲೆ ಕರಗಿತು. ನಾನು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡುವುದನ್ನೂ ಮರೆತು ನೋಡಿದೆ. ಸಾಬೂನಿನ ನೀರು ನನ್ನ ಕಾಲ ಮೇಲೆ ಸುರಿಯಿತು.

ಪರದೆ ಶುರುವಾಯಿತು. ಅದು ಮೊಣಕಾಲು ದಾಟಿತು, ಸೊಂಟ ದಾಟಿತು, ಎದೆ ದಾಟಿತು, ನನ್ನ ತಲೆಯನ್ನೂ ದಾಟಿತು. ನಾನೇನು ಗಿಡ್ಡಿಯಲ್ಲ. ಇಷ್ಟೆಲ್ಲ ಆದರೂ ಒಂದೂ ಎಳೆ ಹರಿಯಲಿಲ್ಲ. ಬೇರೆಯವರಿಗೆ ಅದು ಸಂತೋಷ. ಸೊಸೆಗೆ ಅದೇ ಸಂಕಟ. ಹರಿಯದಿದ್ದರೆ ಅವಳ ಪ್ರೋಗ್ರಾಂ ನಿಜವೋ ಸುಳ್ಳೋ ಯಾರಿಗೆ ಗೊತ್ತು? ಹರಿದು ಕೆಟ್ಟರೆ ಇಷ್ಟು ದಿನದ ನೇಯ್ಗೆಯೂ ಹೋಯಿತು, ಮಗ್ಗವೂ ಹೋಯಿತು, ಅವಳೂ ಹೋದಳು.

ರಂಗಮಂದಿರದ ಹಿರಿಯರು ಪರದೆ ನೋಡಲು ಬಂದ ದಿನವೇ ಹರಿಯಿತು. ಮಧ್ಯಾಹ್ನ. ನಾನು ಎಲ್ಲರಿಗೂ ಚಹಾ ಹಿಡಿದು ಶೆಡ್ಡಿನೊಳಗೆ ಕಾಲಿಟ್ಟಿದ್ದೆ. ಟಕ್ ಎಂದು ಸಣ್ಣದೊಂದು ಸದ್ದು. ಆಮೇಲೆ ಮಗ್ಗ ನಿಂತ ಮೌನ. ಆ ಮೌನಕ್ಕೆ ಊರಾಚೆಯ ನಾಯಿಗಳೂ ಎಚ್ಚರಗೊಂಡವು.

ಕಂಪ್ಯೂಟರಿನ ಪರದೆಯ ಮೇಲೆ ಸಾಲುಗಳು ಮೂಡಿದವು. "ದಳ: ನನ್ನಿಂದಾಗದು. ತಪ್ಪು ನನಗಿಂತ ಮುಂಚೆಯೇ ಆಗಿದೆ." ಅದರ ಕೆಳಗೆ ಇನ್ನೊಂದು ಸಾಲು. "ಹೂಸಾಲು: ನಾನು ನೋಡಿಕೊಳ್ಳುತ್ತೇನೆ."

ಸೊಸೆ ಕುರ್ಚಿಯಲ್ಲಿ ತನ್ನ ಎರಡೂ ಕೈಗಳ ಮೇಲೆ ಕೂತಿದ್ದಳು. ತಾನು ಮುಟ್ಟಿಬಿಟ್ಟರೇನು ಗತಿ ಎಂಬ ಭಯಕ್ಕೆ.

ಬಟ್ಟೆ ಸುತ್ತುವ ಉರುಳೆ ಗರಗರ ಎಂದಿತು. ತಿರುಗಿತು. ಹಿಂದಕ್ಕೆ ತಿರುಗಿತು. ಬಂಗಾರದ ದಳವೊಂದು ನಮ್ಮ ಕಣ್ಣೆದುರೇ ತುದಿಯಿಂದ ಕರಗತೊಡಗಿತು.

"ಬಿಚ್ತಾ ಇದೆ!" ಎಂದು ಯಜಮಾನರು ಕಿರುಚಿದರು. ಅವರ ಕಂಠದಲ್ಲಿ ಅಷ್ಟು ಶಬ್ದವಿದೆಯೆಂದು ಅವತ್ತೇ ಗೊತ್ತಾದದ್ದು. "ನನ್ನ ಪರದೆ ಬಿಚ್ತಾ ಇದೆ! ನಿಲ್ಸಿ, ನಿಲ್ಸಿ!" ಎನ್ನುತ್ತ ಗೋಡೆಯ ಮೇಲಿನ ಕೆಂಪು ಗುಂಡಿಯ ಕಡೆ ಓಡಿದರು. ಆ ಗುಂಡಿ ಒತ್ತಿದರೆ ಮಗ್ಗ ಸತ್ತುಬೀಳುತ್ತದೆ. ಎಲ್ಲ ಫ್ರೇಮುಗಳೂ ಒಮ್ಮೆಗೇ ಹೋಗುತ್ತವೆ, ಮೇಲೆ ಕೂತ ಪರದೆಯ ನೆನಪೂ ಸೇರಿ.

ಗುಂಡಿಗೂ ಯಜಮಾನರಿಗೂ ನಡುವೆ ಯಾರಿದ್ದರು? ನಾನಿದ್ದೆ. ಕೈಯಲ್ಲಿ ಕುದಿಯುವ ಚಹಾದ ತಟ್ಟೆ ಇತ್ತು. ನಾನು ಅಲುಗಲಿಲ್ಲ. ಬೆಟ್ಟ ಅಲುಗುತ್ತದೆಯೇ?

"ದಾರಿ ಬಿಡಿ ಅಮ್ಮ!"

"ಬಿಡ್ತಿದ್ದೆ ಸಾರ್, ಚಹಾ ಚೆಲ್ಲುತ್ತೆ."

"ಸಾರ್," ಎಂದಳು ಸೊಸೆ ಕೂತಲ್ಲಿಂದಲೇ. ಅವಳ ಧ್ವನಿ ನಡುಗಲಿಲ್ಲ, ಅದೊಂದನ್ನು ನಾನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ. "ಈಗ ನಿಲ್ಸಿದ್ರೆ ನಿಜವಾಗ್ಲೂ ಕತ್ತರಿಸ್ಬೇಕಾಗುತ್ತೆ. ಬಿಚ್ಚಿ ಮುಗೀಲಿ. ಹೂಸಾಲಿನ ಬುಡಕ್ಕೆ ಬಂದು ತಾನೇ ನಿಲ್ಲುತ್ತೆ."

"ನಿಲ್ಲದೇ ಇದ್ರೆ?"

"ನಿಲ್ಲುತ್ತೆ."

ಯಜಮಾನರು ಮೇಸ್ತ್ರಿಯ ಮುಖ ನೋಡಿದರು. ಎರಡು ತಲೆಯ ಹೂವಿಗೆ ಹೊಟ್ಟೆ ಹಿಡಿದು ನಕ್ಕವನು ಈಗ ಬಟ್ಟೆಗೆ ಮೂಗು ತಾಗುವಷ್ಟು ಬಾಗಿದ್ದ. ಹೊರಬರುತ್ತಿದ್ದ ಎಳೆಗಳನ್ನು ನೋಡುತ್ತಿದ್ದ. "ಬಂದ ದಾರೀಲೇ ವಾಪಸ್ ಹೋಗ್ತಾ ಇದೆ ಸಾರ್," ಎಂದ. "ಒಂದೂ ಬಿಟ್ಟಿಲ್ಲ. ನಾನು ಕೈಯಲ್ಲಿ ಬಿಚ್ಚಿದ್ರೂ ಇಷ್ಟು ನೀಟಾಗಿ ಬರ್ತಿರಲಿಲ್ಲ. ಮುಟ್ಟಬೇಡಿ."

ಮೀಸೆ ಮೇಸ್ತ್ರಿಯ ಬಾಯಿಂದ ಈ ಮಾತು! ಆ ಕ್ಷಣ ಅವನಿಗೆ ಜೀವನಪೂರ್ತಿ ಸಕ್ಕರೆ ಮಂಜೂರು ಮಾಡಿದೆ.

ಒಂದು ದಳ ಹೋಯಿತು. ಅದರ ಹಿಂದಿನ ದಳ ಹೋಯಿತು. ಪರದೆಯ ಅಗಲಕ್ಕೂ ಹೂವುಗಳು ಮೊಗ್ಗುಗಳಾದವು, ಮೊಗ್ಗುಗಳು ಚುಕ್ಕೆಗಳಾದವು. ಕೆಳಗೆ ಹಿಂದಿನ ಸಾಲಿನ ಅರಳಿದ ಹೂಗಳ ತುದಿ ಕಾಣಿಸಿತು. ಇನ್ನೊಂದು ಎಳೆ ಹೆಚ್ಚು ಬಿಚ್ಚಿದರೆ ಅವುಗಳಿಗೂ ಕುತ್ತು. ನಾನು ಸಕಲ ದೇವರುಗಳನ್ನೂ ಕರೆದೆ. ಕೆಲವರನ್ನು ಹೆಸರು ತಪ್ಪಿ ಕರೆದಿರಬಹುದು.

ಉರುಳೆ ನಿಂತಿತು. ಅಲ್ಲೇ. ಹೂಸಾಲಿನ ಬುಡದಲ್ಲಿ.

ಮೇಸ್ತ್ರಿ ಹರಿದ ಎಳೆಯ ಎರಡು ತುದಿಗಳನ್ನು ಹಿಡಿದು, ಒದ್ದೆ ಮಾಡಿದ ಬೆರಳಲ್ಲಿ ಗಂಟು ಹಾಕಿ, ಬದಿಗೆ ಸರಿದು ನಿಂತ. ಸೊಸೆ ತನ್ನ ಕೈಗಳನ್ನು ಕೆಳಗಿನಿಂದ ಎಳೆದುಕೊಂಡಳು. ಅವು ಜೋಮು ಹಿಡಿದು ಕೆಂಪಗಾಗಿದ್ದವು. "ಮುಂದುವರಿ" ಎಂದಿದ್ದ ಕೀಲಿಯನ್ನು ಒತ್ತಿದಳು.

ಮಗ್ಗ ಓಡಿತು. ಚುಕ್ಕೆ ಮೊಗ್ಗಾಯಿತು, ಮೊಗ್ಗು ಹೂವಾಯಿತು. ಹೂವಿಗೆ ಒಂದೇ ತಲೆ! ಹೂಸಾಲು ಮುಗಿದು ಪಟ್ಟೆಗೆ ಒಪ್ಪಿಸಿತು. ತನ್ನ ಕೆಳಗೆ ಅಷ್ಟೊಂದು ಕೋಲಾಹಲ ನಡೆದದ್ದು ಪಟ್ಟೆಗೆ ಗೊತ್ತೇ ಇರಲಿಲ್ಲ. ಅದು ಮುಂದಿನ ಹೂಸಾಲನ್ನು ಕರೆಯಿತು. ಅದಕ್ಕೂ ಮೇಲೆ ಕೂತ ಪರದೆ ಮಹಾರಾಣಿಯ ಹಾಗೆ ಕಾಯುತ್ತಲೇ ಇತ್ತು. ನಾನು ಆಗ ಚಪ್ಪಾಳೆ ತಟ್ಟಿದೆ. ತಟ್ಟೆಯಲ್ಲಿದ್ದ ಚಹಾ ಯಜಮಾನರ ಅಂಗಿಯ ಮೇಲೆ ಚೆಲ್ಲಿತು. ಅವರು ಗಮನಿಸಲಿಲ್ಲ. ಸೊಸೆಯ ಮುಂದೆ ನಿಂತು, ಮೊದಲ ಬಾರಿಗೆ ಗೊಂಚಲನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಜೋಡಿಸಿದರು. "ಮಗ್ಗ ಎಲ್ಲೂ ಹೋಗಲ್ಲ. ನೀವೂ ಹೋಗ್ಬೇಡಿ," ಎಂದರು.

ಪರದೆ ಮುಗಿದು ರಂಗಮಂದಿರದಲ್ಲಿ ತೂಗುಹಾಕಿದ ಬೆಳಿಗ್ಗೆ ನಾವೆಲ್ಲ ಹೋಗಿದ್ದೆವು. ನನ್ನ ಮಗ ಅವತ್ತು ಬಸ್ಸಿಗೆ ರಜೆ ಹಾಕಿದ್ದ. ಹಿರಿಯರು ಏಣಿ ಹತ್ತಿ, ಕಡ್ಡಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಪರದೆಯನ್ನು ಈ ಅಂಚಿನಿಂದ ಆ ಅಂಚಿಗೆ ಹುಡುಕಿದರು. ಎಳೆ ಹರಿದದ್ದನ್ನು ಕಣ್ಣಾರೆ ಕಂಡವರು ಅವರು. ಬಿಡುವವರಲ್ಲ. ಬೆರಳಲ್ಲಿ ಸವರಿದರು, ಹಿಂದೆ ಹೋಗಿ ದೀಪ ಹಿಡಿಸಿ ನೋಡಿದರು. ಕೊನೆಗೆ ಏಣಿ ಇಳಿದು ಬಂದು ಮೇಸ್ತ್ರಿಯನ್ನು ಕೇಳಿದರು, "ಎಲ್ರೀ ಹರಿದಿದ್ದು?"

ಮೇಸ್ತ್ರಿ ಮೀಸೆ ಕೆರೆದುಕೊಂಡ. ತಾನೇ ಹಾಕಿದ ಗಂಟು ಅವನಿಗೇ ಸಿಗಲಿಲ್ಲ.

"ನೀವು ಹೇಳಿ ಮೇಡಂ," ಎಂದರು ಹಿರಿಯರು.

"ನನಗೂ ಗೊತ್ತಿಲ್ಲ ಸಾರ್," ಎಂದಳು ಸೊಸೆ, ನಗುತ್ತ. "ಆ ಹೂಸಾಲಿಗೆ ಮಾತ್ರ ಗೊತ್ತಿತ್ತು. ಅದು ಕೆಲಸ ಮುಗಿಸಿ, ಒಪ್ಪಿಸಿ ಹೋಯ್ತು. ಹೋಗುವಾಗ ನೆನಪೂ ತಗೊಂಡು ಹೋಯ್ತು. ಈಗ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ."

ಹೀಗೆ ಯಾರಿಗೂ ಗೊತ್ತಿಲ್ಲದ ವಿಷಯಗಳನ್ನು ಹೇಳಲೆಂದೇ ಕೆಲವರು ಹುಟ್ಟಿರುತ್ತಾರೆ. ನಾನು ಮುಂದೆ ಹೋಗಿ, ಕೈ ಚಾಚಿ, ಎಡಗಡೆಯ ಒಂದು ಹೂವಿನ ಮೇಲೆ ಬೆರಳಿಟ್ಟೆ. "ಇಲ್ಲೇ," ಎಂದೆ. "ಈ ದಳದ ಈ ಮಗ್ಗುಲಲ್ಲಿ. ನನ್ನ ಸೊಸೆ ಬಿಚ್ಚಿ ಮತ್ತೆ ಅರಳಿಸಿದ್ದು ಇದನ್ನೇ."

ಎಲ್ಲರೂ ಬಂದು ಆ ಹೂವನ್ನು ಮುಟ್ಟಿ ನೋಡಿದರು. ಹಿರಿಯರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಅದ್ಭುತ," ಎಂದರು. "ಗುರುತೇ ಇಲ್ಲ." ಸೊಸೆ ನನ್ನ ಸೊಂಟ ಚಿವುಟಿದಳು.

ಈಗ ನಾಟಕ ನೋಡಲು ಬಂದವರನ್ನೆಲ್ಲ ನಾನು ಪರದೆಯ ಬಳಿ ಕರೆದುಕೊಂಡು ಹೋಗಿ ಆ ಹೂವನ್ನು ತೋರಿಸುತ್ತೇನೆ. ಪ್ರತಿ ಸಲವೂ ಬೇರೆ ಹೂವು. ಇದುವರೆಗೆ ಯಾರೂ ಅಲ್ಲ ಎಂದಿಲ್ಲ. ಅಲ್ಲ ಎನ್ನುವುದಕ್ಕೆ ನನ್ನ ಸೊಸೆ ಏನಾದರೂ ಗುರುತು ಉಳಿಸಿದ್ದರೆ ತಾನೇ?